ಥರ್ಮೋಕೋಲಿನಲ್ಲಿ ಕೊರೆದ ಕನ್ನಡ



ಈ ಪುಟದಲ್ಲಿ ನೀವು ಸಾಮಾನ್ಯವಾಗಿ ಓದುವುದು ಅಧ್ಯಾಪಕರ ನೇಮಕ, ತಡವಾಗಿ ಬರುವ ಪಠ್ಯಪುಸ್ತಕ, ಮುಚ್ಚುವ ತರಗತಿ, ಮನವಿ ಪತ್ರ, ಮತ್ತೊಂದು ಮನವಿ ಪತ್ರ. ಈ ಸಲ ನಾನು ಬರೆಯಲು ಹೊರಟಿರುವುದು ತಟ್ಟೆಯ ವಿಷಯ. ಸಮಾರಂಭದ ದಿನ ನಮ್ಮ ಶಾಲೆಗಳಲ್ಲಿ ಉಂಡು ಎಸೆಯುವ ಬಿಳಿಯ ಥರ್ಮೋಕೋಲ್ ತಟ್ಟೆ, ಲೋಟ, ಮತ್ತು ವೇದಿಕೆಯ ಹಿಂಬದಿಯ ಪರದೆಗೆ ಅದೇ ಥರ್ಮೋಕೋಲಿನಲ್ಲಿ ಕೊರೆದು ಅಂಟಿಸುವ ಕನ್ನಡ ಅಕ್ಷರಗಳ ವಿಷಯ. ಇವು ಇನ್ನು ಮುಂದೆ ನಮ್ಮ ಶಾಲೆಗಳ ಗೇಟಿನೊಳಗೆ ಬರಬಾರದು, ಹಾಗೆಂದು ಪ್ರತಿಯೊಂದು ಕನ್ನಡ ಶಾಲೆಯೂ ಯಾರ ಒತ್ತಾಯವೂ ಇಲ್ಲದೆ ತಾನಾಗಿ ಠರಾವು ಮಾಡಬೇಕು ಎಂಬುದು ನನ್ನ ವಾದ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ನಿಮ್ಮಲ್ಲಿ ಕೆಲವರು ಪುಟ ತಿರುವುವ ಮೊದಲು ಸ್ವಲ್ಪ ತಾಳ್ಮೆ ಇರಲಿ. ಆ ಗಾದೆಗೆ ಉತ್ತರ ಕೊಡದೆ ನಾನು ಮುಗಿಸುವುದಿಲ್ಲ.

ಮೊದಲು ಕಾನೂನಿನ ಮಾತು. ನಮ್ಮ ಶಾಲೆಗಳು ಆರು ರಾಜ್ಯಗಳಲ್ಲಿ ಹರಡಿವೆ, ಆದರೆ ಈ ಒಂದು ವಿಷಯದಲ್ಲಿ ಆರೂ ಕಡೆ ನಿಯಮ ಬಹುಮಟ್ಟಿಗೆ ಒಂದೇ. ಮಹಾರಾಷ್ಟ್ರ ಸರಕಾರ 2018ರ ಮಾರ್ಚ್ 23ರಂದು ಪ್ಲಾಸ್ಟಿಕ್ ಮತ್ತು ಥರ್ಮೋಕೋಲ್ ವಸ್ತುಗಳ ನಿಷೇಧದ ಅಧಿಸೂಚನೆ ಹೊರಡಿಸಿತು. ಮೊದಲ ತಪ್ಪಿಗೆ 5000 ರೂಪಾಯಿ, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ರೂಪಾಯಿ ದಂಡದ ಜತೆಗೆ ಮೂರು ತಿಂಗಳ ಸಜೆ ಎಂದು ಅದರಲ್ಲಿ ಬರೆದಿತ್ತು. ಆ ವರ್ಷ ಗಣೇಶೋತ್ಸವದ ಥರ್ಮೋಕೋಲ್ ಅಲಂಕಾರಕ್ಕಾದರೂ ವಿನಾಯಿತಿ ಕೊಡಿ ಎಂದು ಕೇಳಿದವರಿಗೆ ಬೊಂಬಾಯಿ ಹೈಕೋರ್ಟು ಒಪ್ಪಿಗೆ ಕೊಡಲಿಲ್ಲ. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ, ಕೇರಳದಲ್ಲಿ 2020ರ ಜನವರಿ 1ರಿಂದ ಇಂಥದೇ ನಿಷೇಧ ಬಂತು. ನೀಲಗಿರಿಯವರಿಗಂತೂ ಇದು ಹೊಸದಲ್ಲ, ಅಲ್ಲಿ 2000ದ ಆಸುಪಾಸಿನಲ್ಲಿಯೇ ಜಿಲ್ಲಾಡಳಿತ ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿಟ್ಟಿತ್ತು. ಕೊನೆಗೆ ಕೇಂದ್ರ ಸರಕಾರ 2021ರ ಆಗಸ್ಟ್ 12ರಂದು ನಿಯಮ ತಿದ್ದಿ, 2022ರ ಜುಲೈ 1ರಿಂದ ದೇಶಕ್ಕೆಲ್ಲ ಅನ್ವಯಿಸುವಂತೆ ಒಂದು ಪಟ್ಟಿ ಕೊಟ್ಟಿತು. ಆದೋನಿ, ರಾಯದುರ್ಗ, ಮಡಕಶಿರಾ, ನಾರಾಯಣಪೇಟೆ, ಗೋವೆ ಎಲ್ಲವೂ ಆ ಪಟ್ಟಿಯ ಕೆಳಗೆ ಬಂದವು.

ಆ ಪಟ್ಟಿಯನ್ನು ಒಮ್ಮೆ ಶಾಲೆಯ ಕಣ್ಣಿನಿಂದ ಓದಿ ನೋಡಿ. ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟ, ಐಸ್ ಕ್ಯಾಂಡಿ ಕಡ್ಡಿ, ಅಲಂಕಾರದ ಥರ್ಮೋಕೋಲ್, ತಟ್ಟೆ, ಲೋಟ, ಚಮಚ, ಸಿಹಿಯ ಪೆಟ್ಟಿಗೆಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳು ಹಾಳೆ, 100 ಮೈಕ್ರಾನಿಗಿಂತ ತೆಳುವಾದ ಬ್ಯಾನರು. ದಿಲ್ಲಿಯಲ್ಲಿ ಕುಳಿತು ಇದನ್ನು ಬರೆದವರು ನಮ್ಮ ಶಾಲೆಯ ವಾರ್ಷಿಕೋತ್ಸವದ ಖರ್ಚಿನ ಚೀಟಿಯನ್ನೇ ಎದುರಿಗಿಟ್ಟುಕೊಂಡಿದ್ದರೋ ಏನೋ! ಆಗಸ್ಟ್ 15, ನವೆಂಬರ್ 1, ವಾರ್ಷಿಕೋತ್ಸವ, ಬೀಳ್ಕೊಡುಗೆ, ಪ್ರತಿಭಾ ಪುರಸ್ಕಾರ, ಹೀಗೆ ಒಂದೊಂದು ದಿನವೂ ನಾವು ಮೂರೋ ನಾಲ್ಕೋ ಕಡೆ ಈ ಪಟ್ಟಿಯನ್ನು ಮುರಿಯುತ್ತಿದ್ದೇವೆ. ನಿತ್ಯದ ಬಿಸಿಯೂಟಕ್ಕೆ ಮಕ್ಕಳಿಗೆ ಸ್ಟೀಲಿನ ತಟ್ಟೆ ಇದ್ದೇ ಇರುತ್ತದೆ. ಎಸೆಯುವ ತಟ್ಟೆ ಬರುವುದು ದೊಡ್ಡವರು ಬರುವ ದಿನ.

ಇನ್ನು ಆ ವಸ್ತು ಯಾವುದು ಎಂಬುದನ್ನು ತಿಳಿದುಕೊಳ್ಳೋಣ, ಏಕೆಂದರೆ ಮಕ್ಕಳು ಕೇಳುತ್ತಾರೆ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳನ್ನು ಹಬೆಯಲ್ಲಿ ಅರಳಿಸಿ, ಒಂದಕ್ಕೊಂದು ಅಂಟುವಂತೆ ಅಚ್ಚಿನಲ್ಲಿ ಒತ್ತಿದರೆ ಥರ್ಮೋಕೋಲ್. ಜೋಳ ಅರಳಾದಂತೆ ಅದೂ ಅರಳುತ್ತದೆ. ಅದರ ಗಾತ್ರದಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗಿಂತ ಹೆಚ್ಚು ಬರೀ ಗಾಳಿ. ಒಂದು ಘನಮೀಟರ್ ನೀರು ಸಾವಿರ ಕಿಲೋ ತೂಗಿದರೆ, ಅಲಂಕಾರಕ್ಕೆ ತರುವ ಥರ್ಮೋಕೋಲ್ ಅಷ್ಟೇ ಜಾಗದಲ್ಲಿ ಹದಿನೈದಿಪ್ಪತ್ತು ಕಿಲೋ ತೂಗಬಹುದು. ಅದರ ಎಲ್ಲ ತಾಪತ್ರಯವೂ ಹುಟ್ಟುವುದು ಇಲ್ಲಿಂದಲೇ. ಹಳೆಯ ಪೇಪರು, ಕಬ್ಬಿಣ, ಬಾಟಲಿ ಒಯ್ಯುವ ಗುಜರಿಯವನು ಇದನ್ನು ಮುಟ್ಟುವುದಿಲ್ಲ. ಗಾಡಿ ತುಂಬ ಹೇರಿದರೂ ತೂಕದಲ್ಲಿ ಏನೂ ಇಲ್ಲ, ಡೀಸೆಲಿನ ಕಾಸೂ ಹುಟ್ಟುವುದಿಲ್ಲ. ಅದರಲ್ಲೂ ಸಾರು ಮೊಸರು ಮೆತ್ತಿದ ತಟ್ಟೆ ಯಾರಿಗೆ ಬೇಕು? ಹಾಗಾಗಿ ಶಾಲೆಯ ಹಿಂದಿನ ಗುಂಡಿಗೆ ಹೋಗುತ್ತದೆ. ಅಲ್ಲಿ ಎರಡು ದಾರಿ. ಗಾಳಿ ಬಂದರೆ ಹಾರಿ ಪಕ್ಕದ ಗದ್ದೆಗೋ ತೋಡಿಗೋ ಬಿದ್ದು ಮತ್ತೆ ಕಾಳು ಕಾಳಾಗಿ ಒಡೆಯುತ್ತದೆ. ಅಲ್ಲವಾದರೆ ಜವಾನನೋ ಹಿರಿಯ ತರಗತಿಯ ಹುಡುಗರೋ ಕಡ್ಡಿ ಗೀರುತ್ತಾರೆ. ಆ ಕಪ್ಪು ಹೊಗೆಯನ್ನು ನೀವೂ ನೋಡಿದ್ದೀರಿ. ಬೆಂಕಿಯ ಮೇಲೆ ಮಸಿಯ ಎಳೆಗಳು ತೇಲುವಂಥ ಹೊಗೆ. ಅದರಲ್ಲಿ ಸ್ಟೈರೀನ್ ಇದೆ, ಬೆಂಜೀನ್ ಇದೆ. ಅದನ್ನು ಉಸಿರಾಡುವುದು ಬೆಂಕಿ ಹಚ್ಚಿದ ಆ ಹುಡುಗರೇ.

ತಟ್ಟೆಯಲ್ಲಿ ಉಣ್ಣುವುದರ ಅಪಾಯ ಎಷ್ಟು? ಇಲ್ಲಿ ಉತ್ಪ್ರೇಕ್ಷೆ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ಸ್ಟೈರೀನನ್ನು "ಕ್ಯಾನ್ಸರ್ ತರುವ ಸಂಭವವುಳ್ಳದ್ದು" ಎಂಬ ಮೇಲಿನ ಗುಂಪಿಗೆ ಏರಿಸಿತು. ಆ ತೀರ್ಮಾನದ ಹಿಂದೆ ಇರುವುದು ಮುಖ್ಯವಾಗಿ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಅದನ್ನು ಉಸಿರಾಡಿದ ಕೆಲಸಗಾರರ ಅನುಭವ. ವರ್ಷಕ್ಕೆ ನಾಲ್ಕು ಸಲ ಥರ್ಮೋಕೋಲ್ ತಟ್ಟೆಯಲ್ಲಿ ಪಾಯಸ ಉಂಡ ಮಗುವಿಗೆ ನಾಳೆಯೇ ರೋಗ ಬರುತ್ತದೆಂದು ಹೆದರಿಸುವವರ ಜತೆ ನಾನಿಲ್ಲ. ಆದರೆ ಬಿಸಿ ತಾಗಿದರೆ, ಎಣ್ಣೆ ಜಿಡ್ಡು ತಾಗಿದರೆ ಆ ಪ್ಲಾಸ್ಟಿಕ್ಕಿನಲ್ಲಿ ಉಳಿದ ಸ್ಟೈರೀನ್ ಸ್ವಲ್ಪ ಸ್ವಲ್ಪವಾಗಿ ಊಟಕ್ಕೆ ಇಳಿಯುತ್ತದೆ ಎಂಬುದು ತಿಳಿದ ಸಂಗತಿ. ನಮ್ಮ ಊಟವೋ ಹಬೆಯಾಡುವ ಸಾಂಬಾರು, ಒಗ್ಗರಣೆಯ ಪಲ್ಯ, ಕರಿದ ಹಪ್ಪಳ. ತಣ್ಣಗೆ ಬ್ರೆಡ್ಡು ತಿನ್ನುವವರ ದೇಶದ ತಟ್ಟೆಯಲ್ಲಿ ನಾವು ಕುದಿಯುವ ಹುಳಿ ಬಡಿಸುತ್ತಿದ್ದೇವೆ.

ಕಾಸರಗೋಡಿನ ಓದುಗರಿಗೆ ಇಲ್ಲಿ ಇನ್ನೊಂದು ಮಾತು. ರಾಸಾಯನಿಕದ ವಿಷಯದಲ್ಲಿ ತಡವಾಗಿ ತಿಳಿದುಕೊಳ್ಳುವುದರ ಬೆಲೆ ಏನೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಈ ದೇಶದಲ್ಲಿ ಹೆಚ್ಚು ಮಂದಿ ಇಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆಯ ಪಡ್ರೆಯಂಥ ಕನ್ನಡ ಊರುಗಳಲ್ಲಿ ಆದ ಅನಾಹುತವನ್ನು ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮುಂತಾದವರು ಬೊಬ್ಬೆ ಹಾಕಿ ಹೇಳಬೇಕಾಯಿತು. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಥರ್ಮೋಕೋಲನ್ನು ಎಂಡೋಸಲ್ಫಾನಿನ ಪಕ್ಕದಲ್ಲಿ ಇಡುವುದು ಅನ್ಯಾಯ. ಹಾಗೆ ಮಾಡಿದರೆ ಅಲ್ಲಿ ನೊಂದವರಿಗೆ ಅವಮಾನ. ಆದರೆ ಎಚ್ಚರಿಕೆ ಎಂಬುದು ಜನರ ಬಾಯಿಗೆ ಬರುವ ಮಾತಿನಲ್ಲಿ, ಸಕಾಲದಲ್ಲಿ ತಲುಪಬೇಕು ಎಂಬ ಪಾಠ ನಮಗೆ ಅಲ್ಲಿಂದಲೇ ಬಂದದ್ದು.

ಇಲ್ಲಿಗೆ ನಮ್ಮ ಪತ್ರಿಕೆಯ ವಿಷಯಕ್ಕೇ ಬಂದಂತಾಯಿತು. ನಿಮ್ಮ ಶಾಲೆಯ ನೋಟೀಸ್ ಬೋರ್ಡಿನ ಮೇಲೆ ಈ ನಿಷೇಧದ ಪಟ್ಟಿ ಕನ್ನಡದಲ್ಲಿದೆಯೆ? ಇದ್ದರೆ ನೀವು ಪುಣ್ಯವಂತರು. ಸುತ್ತೋಲೆ ಮಲಯಾಳದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ, ತೆಲುಗಿನಲ್ಲಿ ಬರುತ್ತದೆ. ಮುಖ್ಯೋಪಾಧ್ಯಾಯರು ಓದಿ ಫೈಲಿಗೆ ಸೇರಿಸುತ್ತಾರೆ. ಅಡುಗೆಯ ಅಮ್ಮನಿಗೆ, ಸಾಮಾನು ತರುವ ಪೋಷಕರಿಗೆ, ವೇದಿಕೆ ಕಟ್ಟುವ ಹಳೆ ವಿದ್ಯಾರ್ಥಿಗಳಿಗೆ ಅದು ಮುಟ್ಟುವುದೇ ಇಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿಗೆ ಕೇಂದ್ರ ಸರಕಾರ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಬಗ್ಗೆ ಒಂದು ಜ್ಞಾಪನ ಪತ್ರ ಹೊರಡಿಸಿತ್ತು. ಒಂದು ಜಿಲ್ಲೆಯಲ್ಲೋ ತಾಲೂಕಿನಲ್ಲೋ ಪುರಸಭೆಯಲ್ಲೋ ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15ರಿಂದ 20ರಷ್ಟಿದ್ದರೆ ಮಹತ್ವದ ಸರಕಾರಿ ಪ್ರಕಟಣೆಗಳನ್ನೂ ನಿಯಮಗಳನ್ನೂ ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕೆಂದು ಅದರಲ್ಲಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೂ ಇನ್ನೂ ಸ್ಪಷ್ಟ: ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯೆಟ್ಟಿಗೂ ಇಲಾಖಾ ಮುಖ್ಯಸ್ಥರಿಗೂ ತಮ್ಮ ಪ್ರದೇಶದ ಕಚೇರಿಗಳಿಗೂ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು. ಸಂವಿಧಾನದ 350ನೆಯ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ.

ಈ ಹಕ್ಕುಗಳನ್ನು ನಾವು ಯಾವಾಗ ನೆನೆಯುತ್ತೇವೆ? ಅಧ್ಯಾಪಕರ ಹುದ್ದೆ ಹೋದಾಗ, ಕನ್ನಡ ಬಾರದವರನ್ನು ಕನ್ನಡ ತರಗತಿಗೆ ಹಾಕಿದಾಗ. ಅದು ಸರಿಯೇ. ಆದರೆ ಹಕ್ಕು ಎಂಬುದು ಜಗಳದ ದಿನಕ್ಕೆ ಮಾತ್ರ ಪೆಟ್ಟಿಗೆಯಿಂದ ತೆಗೆಯುವ ಜರಿ ಪಂಚೆಯಲ್ಲ. ನೀರಿನ ಬಿಲ್ಲು, ಲಸಿಕೆಯ ಚೀಟಿ, ಕಸದ ನಿಯಮ, ಇಂಥ ದಿನನಿತ್ಯದ ಕಾಗದಗಳಲ್ಲಿ ಕೇಳದ ಭಾಷೆಯನ್ನು ದೊಡ್ಡ ವಿಷಯದಲ್ಲಿ ಕೇಳಿದರೆ ಅಧಿಕಾರಿಗೆ ಅದು ರಾಜಕೀಯದಂತೆ ಕಾಣುತ್ತದೆ. "ಪ್ಲಾಸ್ಟಿಕ್ ನಿಷೇಧದ ಪಟ್ಟಿಯನ್ನು ಕನ್ನಡದಲ್ಲಿ ಕೊಡಿ, ಪಾಲಿಸಲು ನಾವು ಸಿದ್ಧರಿದ್ದೇವೆ" ಎಂದು ಬರೆದ ಅರ್ಜಿಯನ್ನು ಯಾವ ಕಲೆಕ್ಟರು ರಾಜಕೀಯ ಎನ್ನಬಲ್ಲರು?

ಇಲ್ಲಿಯೇ ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ. "ಆದೇಶ ನಮ್ಮ ಭಾಷೆಯಲ್ಲಿ ಬಂದಿಲ್ಲ, ಆದ್ದರಿಂದ ನಮಗೆ ಅನ್ವಯಿಸುವುದಿಲ್ಲ" ಎಂಬ ವಾದವನ್ನು ನಮ್ಮವರ ಬಾಯಿಂದ ಕೇಳಿದ್ದುಂಟು. ಅದು ವಾದವಲ್ಲ, ಸೋಮಾರಿತನಕ್ಕೆ ತೊಡಿಸಿದ ಅಭಿಮಾನದ ಅಂಗಿ. ಮಲಯಾಳದಲ್ಲಿ ಬರೆದ ಮಾತ್ರಕ್ಕೆ ಒಳ್ಳೆಯ ನಿಯಮ ಕೆಟ್ಟದಾಗುವುದಿಲ್ಲ. ಕೇರಳದ ಶಾಲಾ ಕಲೋತ್ಸವಗಳು ಸಾವಿರಾರು ಮಕ್ಕಳಿಗೆ ಊಟ ಹಾಕಿಯೂ ಹಸಿರು ನಿಯಮಾವಳಿಯ ಪ್ರಕಾರ ನಡೆಯುತ್ತಿವೆ. 2019ರಲ್ಲಿ ಅರುವತ್ತನೆಯ ರಾಜ್ಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ಆಯಿತು. ಹೊಸೂರು ತಾಳವಾಡಿಯವರು ತಮಿಳುನಾಡಿನ ಹಳದಿ ಬಟ್ಟೆ ಚೀಲ, ಆ ಮಂಜಪ್ಪೈ, ಕೈಯಲ್ಲಿ ಹಿಡಿದು ಸಂತೆಗೆ ಹೋಗುತ್ತಾರೆ. ನೆರೆಯವರಿಂದ ಕಲಿಯುವುದರಲ್ಲಿ ನಮ್ಮ ಕನ್ನಡತನಕ್ಕೆ ಏನೂ ಕುಂದಿಲ್ಲ.

ಇನ್ನು ಆ ಅಕ್ಷರಗಳು. ನವೆಂಬರ್ ಬಂತೆಂದರೆ ಪೇಟೆಯಿಂದ ಥರ್ಮೋಕೋಲ್ ಹಾಳೆ ಬರುತ್ತದೆ. ಚಿತ್ರಕಲಾ ಅಧ್ಯಾಪಕರೋ ಕೈ ನುರಿತ ಹುಡುಗನೋ ಬ್ಲೇಡು ಹಿಡಿದು ಕೂರುತ್ತಾರೆ. "ಕನ್ನಡ ರಾಜ್ಯೋತ್ಸವ" ಎಂದು ಕೊರೆದು, ಕೆಂಪು ಹಳದಿ ಬಳಿದು, ಗುಂಡುಪಿನ್ನು ಚುಚ್ಚಿ ಪರದೆಗೆ ಏರಿಸುತ್ತಾರೆ. ಒತ್ತಕ್ಷರ ಕೊರೆಯುವುದು ಸುಲಭವಲ್ಲ, ಆ ಕೈಗೆಲಸಕ್ಕೆ ನನ್ನ ಗೌರವವಿದೆ. ಸಂಜೆ ಕಾರ್ಯಕ್ರಮ ಮುಗಿದ ಮೇಲೆ ಆ ಅಕ್ಷರಗಳು ಎಲ್ಲಿಗೆ ಹೋಗುತ್ತವೆ? ನಿಮಗೇ ಗೊತ್ತು. ಮರುದಿನ ಬೆಳಿಗ್ಗೆ ಚರಂಡಿಯಲ್ಲಿ ಮುರಿದ "ಕ", ಅದರಾಚೆ ಒಂದು ಕೊಂಬು, ಒಂದು ದೀರ್ಘ. ಗಡಿಯಾಚೆ ಒಂದು ಅಕ್ಷರ ಬೋರ್ಡಿನಿಂದ ಅಳಿದರೆ ಮೆರವಣಿಗೆ ತೆಗೆಯುವ ನಾವು, ನಮ್ಮ ಕೈಯಿಂದಲೇ ಬಿಸಾಡಿದ ಅಕ್ಷರವನ್ನು ದಾಟಿಕೊಂಡು ತರಗತಿಗೆ ಹೋಗುತ್ತೇವೆ. ಇದಕ್ಕಿಂತ ವಿಚಿತ್ರ, ವಿಜ್ಞಾನ ಮೇಳದ ಮಾದರಿಗಳು. ಮಳೆ ನೀರು ಕೊಯ್ಲು, ಅರಣ್ಯ ರಕ್ಷಣೆ, ಶುದ್ಧ ಗ್ರಾಮ, ಎಲ್ಲದಕ್ಕೂ ತಳ ಥರ್ಮೋಕೋಲ್. "ಪರಿಸರ ಉಳಿಸಿ" ಎಂಬ ಫಲಕವೂ ಥರ್ಮೋಕೋಲ್.

ಬೇರೆ ದಾರಿ ಇಲ್ಲವೇ ಎಂದರೆ, ಇದೆ, ಮತ್ತು ಅದು ನಮ್ಮ ಹೊಲ ತೋಟಗಳಲ್ಲೇ ಇದೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯವರು ಜೋಳದ ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡನ್ನು ತೆಗೆದು, ಆ ಸಿಪ್ಪೆಯ ಸೀಳನ್ನೇ ಮೊಳೆಯಂತೆ ಚುಚ್ಚಿ ಬಂಡಿ ಮಾಡಿ ಆಡಿದವರು. ಥರ್ಮೋಕೋಲ್ ಹಗುರ ಎನ್ನುತ್ತೀರಲ್ಲ, ಬೆಂಡು ಏನು ಭಾರವೆ? ಮದುವೆಯ ಬಾಸಿಂಗಕ್ಕೆ ಒದಗಿದ ವಸ್ತು ಶಾಲೆಯ ವೇದಿಕೆಗೆ ಒದಗದೆ? ಕಾಸರಗೋಡಿನಲ್ಲಿ ಅಡಕೆ ಹಾಳೆ ಇದೆ, ಒಣಗಿಸಿ ಕತ್ತರಿಯಿಂದ ಕೊರೆದರೆ ಅಕ್ಷರ ಗಟ್ಟಿಯಾಗಿ ನಿಲ್ಲುತ್ತದೆ. ಗೋಣಿತಟ್ಟಿನ ಮೇಲೆ ಸುಣ್ಣದಲ್ಲಿ ಬರೆಯಬಹುದು. ಹಳೆಯ ರಟ್ಟಿನ ಪೆಟ್ಟಿಗೆಗೇನು ಬರ? ನನ್ನ ಆಸೆ ಬೇರೆಯದು. ಶಾಲೆಗೊಂದು ಗಟ್ಟಿ ಬಟ್ಟೆಯ ಪರದೆ ಹೊಲಿಸಿ, ಅದರ ಮೇಲೆ ಶಾಲೆಯ ಹೆಸರು ಊರ ಹೆಸರು ಕನ್ನಡದಲ್ಲಿ ಕಸೂತಿಯಿಂದಲೋ ಬಣ್ಣದಿಂದಲೋ ಬರೆಸಿ, ಇಪ್ಪತ್ತು ವರ್ಷ ಅದನ್ನೇ ಕಟ್ಟಬೇಕು. ಆ ವರ್ಷದ ಸಮಾರಂಭದ ಹೆಸರನ್ನು ಮಕ್ಕಳು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಲಿ. ಕೆಂಪು ಹಳದಿ ಬಾವುಟವೂ ಬಟ್ಟೆಯದೇ ಇರಲಿ. ಪ್ಲಾಸ್ಟಿಕ್ ಬಾವುಟದ ಮಾಲೆ ದೇಶದ ಪಟ್ಟಿಯಲ್ಲೂ ತಮಿಳುನಾಡಿನ ಪಟ್ಟಿಯಲ್ಲೂ ನಿಷಿದ್ಧ.

ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಬರುವ ನಮ್ಮ ಹಿತೈಷಿಗಳಿಗೂ ಒಂದು ವಿನಯದ ಮಾತು. ನೀವು ಪುಸ್ತಕ ತರುತ್ತೀರಿ, ಬ್ಯಾಗು ತರುತ್ತೀರಿ, ಋಣ ದೊಡ್ಡದು. ಅದರ ಜತೆಗೆ ನಿಮ್ಮ ಭಾವಚಿತ್ರದ ಫ್ಲೆಕ್ಸು, ಪ್ಲಾಸ್ಟಿಕ್ ಬಾವುಟ, ಸಾವಿರ ಥರ್ಮೋಕೋಲ್ ತಟ್ಟೆಯ ಕಟ್ಟು ಕೂಡ ಗಡಿ ದಾಟಿ ಬರುತ್ತದೆ. ಕರ್ನಾಟಕ ಸರಕಾರವೇ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಫ್ಲೆಕ್ಸು, ಬ್ಯಾನರು, ಬಾವುಟ, ತಟ್ಟೆ, ಲೋಟಗಳನ್ನು, ಥರ್ಮೋಕೋಲಿನವನ್ನೂ ಸೇರಿಸಿ, ನಿಷೇಧಿಸಿದೆ. ಅಲ್ಲಿ ನಿಷಿದ್ಧವಾದದ್ದು ಇಲ್ಲಿ ಅಭಿಮಾನದ ಕಾಣಿಕೆ ಆಗುವುದು ಹೇಗೆ? ಫ್ಲೆಕ್ಸಿನ ದುಡ್ಡಿನಲ್ಲಿ ಒಂದು ಡಜನ್ ಸ್ಟೀಲ್ ತಟ್ಟೆ ಕೊಡಿ, ಹಿಂಬದಿಯಲ್ಲಿ ನಿಮ್ಮ ಹೆಸರು ಕೆತ್ತಿಸಿ ಕೊಡಿ. ಫ್ಲೆಕ್ಸಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಸ್ಟೀಲ್ ತಟ್ಟೆಯೇ ನನ್ನ ಮೊದಲ ಆಯ್ಕೆ. ಲೆಕ್ಕ ಹಾಕೋಣ. 200 ಮಕ್ಕಳಿರುವ ಶಾಲೆ, ಸಮಾರಂಭಕ್ಕೆ 150 ಜನ ಪೋಷಕರು ಅತಿಥಿಗಳು, ವರ್ಷಕ್ಕೆ ಆರು ಸಮಾರಂಭ ಎಂದಿಟ್ಟುಕೊಂಡರೆ ತಟ್ಟೆ 2100, ಲೋಟವೂ ಅಷ್ಟೇ. ಹತ್ತು ವರ್ಷಕ್ಕೆ ಎರಡೂ ಸೇರಿ 42,000. ಅದರ ಬದಲು ಮಕ್ಕಳು ತಮ್ಮ ನಿತ್ಯದ ತಟ್ಟೆಯಲ್ಲೇ ಉಂಡರೆ ಕೊಳ್ಳಬೇಕಾದದ್ದು 150 ತಟ್ಟೆ, 150 ಲೋಟ, ಅದೂ ಒಂದೇ ಸಲ. ನಾಲ್ಕೈದು ಶಾಲೆಗಳು ಸೇರಿ ಒಂದು ಸೆಟ್ಟು ಇಟ್ಟುಕೊಂಡರೂ ನಡೆದೀತು. ಊರಿನ ದೇವಸ್ಥಾನದಲ್ಲಿ, ಮಠದಲ್ಲಿ, ಮಸೀದಿಯಲ್ಲಿ, ಇಗರ್ಜಿಯಲ್ಲಿ ಪಾತ್ರೆಗಳಿರುತ್ತವೆ, ಬಾಯಿ ಬಿಟ್ಟು ಕೇಳಿದರೆ ಕೊಡುತ್ತಾರೆ.

ತೊಳೆಯುವವರು ಯಾರು? ಅಡ್ಡಿ ಇಲ್ಲಿದೆ, ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜತ್ತದಂಥ ಬರದ ಸೀಮೆಯಲ್ಲಿ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರುಗಳಿವೆ. ಅಂಥ ಕಡೆ ಮುನ್ನೂರು ತಟ್ಟೆ ತೊಳೆಯಿರಿ ಎಂದು ಹೇಳುವುದು ಸುಲಭ, ನೀರು ಹೊರುವುದು ಕಷ್ಟ. ಅಲ್ಲಿ ಮುತ್ತಲ ಎಲೆಯ ಪತ್ರೋಳಿ ಇರಲಿ. ರಾಯದುರ್ಗ ಮಡಕಶಿರಾದ ಕಡೆ ಅದನ್ನೇ ಇಸ್ತ್ರಿ ಎಲೆ ಎನ್ನುತ್ತಾರೆ. ಎಲೆ ಹಚ್ಚುವ ಹೆಂಗಸರು ಊರೂರಲ್ಲಿ ಇದ್ದರು. ಥರ್ಮೋಕೋಲ್ ತಟ್ಟೆ ಬಂದು ಅವರ ಕಡ್ಡಿ ಕಸುಬನ್ನು ಕೆಡಿಸಿತು. ಉಂಡ ಎಲೆಯನ್ನು ಎಮ್ಮೆ ತಿಂದರೂ ಸರಿ, ತಿಪ್ಪೆಗೆ ಬಿದ್ದರೂ ಸರಿ. ಥರ್ಮೋಕೋಲ್ ತಟ್ಟೆಗೆ ಅನ್ನದ ವಾಸನೆ ಹತ್ತಿದರೆ ದನ ಅದನ್ನೂ ನುಂಗುತ್ತದೆ, ಹೊಟ್ಟೆಯಲ್ಲಿ ಕರಗುವುದಿಲ್ಲ. ತಾಳವಾಡಿ ಸುತ್ತ ಸತ್ಯಮಂಗಲದ ಹುಲಿ ಅಭಯಾರಣ್ಯ, ವಯನಾಡು ನೀಲಗಿರಿಯ ಶಾಲೆಗಳ ಬೇಲಿಯಾಚೆಗೇ ಕಾಡು. ಅಲ್ಲಿ ಎಸೆದದ್ದನ್ನು ಹುಡುಕಿಕೊಂಡು ಬರುವುದು ದನ ಮಾತ್ರವಲ್ಲ.

ನೀರಿರುವ ಕಡೆ ತೊಳೆಯುವ ಕೆಲಸವನ್ನು ಅಡುಗೆ ಸಹಾಯಕಿಯ ತಲೆಗೆ ಕಟ್ಟಬೇಡಿ. ಅವಳಿಗೆ ಸಿಗುವ ಸಂಬಳ ಎಷ್ಟೆಂದು ನಿಮಗೆ ಗೊತ್ತು. ಉಂಡವರು ತೊಳೆಯಲಿ, ಹುಡುಗರೂ ತೊಳೆಯಲಿ, ಮುಖ್ಯ ಅತಿಥಿಯೂ ತೊಳೆದರೆ ಮಕ್ಕಳು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಚಹಾದ ಅಂಗಡಿಗಳಲ್ಲಿ ಎರಡು ಬಗೆಯ ಲೋಟ ಇಡುತ್ತಿದ್ದ ಅನಿಷ್ಟ ಪದ್ಧತಿ, ಎಸೆಯುವ ಲೋಟ ಬಂದ ಮೇಲೆ ಎಷ್ಟೋ ಕಡೆ ಮಾಯವಾದಂತೆ ಕಂಡಿತು. ನಿಜದಲ್ಲಿ ಕೆಲವು ಕಡೆ ಅದು ಎಸೆಯುವ ಲೋಟದೊಳಗೇ ಅಡಗಿ ಕೂತಿತು. "ಯಾರು ಉಂಡ ತಟ್ಟೆಯೋ" ಎಂದು ಮೂಗೆಳೆಯುವವರಿಗೆ ಥರ್ಮೋಕೋಲ್ ಬಲು ಅನುಕೂಲ, ಪ್ರಶ್ನೆಯೇ ಏಳುವುದಿಲ್ಲ. ಸ್ಟೀಲ್ ತಟ್ಟೆ ಬಂದ ದಿನ ಆ ಪ್ರಶ್ನೆ ಏಳುತ್ತದೆ. ಏಳಲಿ. ಎಲ್ಲರಿಗೂ ಒಂದೇ ರಾಶಿಯಿಂದ ತಟ್ಟೆ, ಗುರುತು ಹಾಕುವಂತಿಲ್ಲ, ಬೇರೆ ಇಡುವಂತಿಲ್ಲ ಎಂದು ಠರಾವಿನಲ್ಲೇ ಬರೆಯಿರಿ. ಕನ್ನಡಕ್ಕೆ ಸಮಾನ ಸ್ಥಾನ ಕೇಳುವ ಶಾಲೆ ತನ್ನ ಪಂಕ್ತಿಯಲ್ಲಿ ಅದನ್ನು ತಪ್ಪಿಸಬಾರದು.

ಅಡಕೆ ಹಾಳೆಯ ತಟ್ಟೆಯ ಬಗ್ಗೆ ಕಾಸರಗೋಡಿನವರು ಕೇಳಿಯೇ ಕೇಳುತ್ತೀರಿ. ತೋಟದ ಬುಡದಲ್ಲಿ ಬಿದ್ದ ಹಾಳೆಯಿಂದ ನಾಲ್ಕು ಕಾಸು ಬರುವ ಉದ್ಯಮ, ನಮ್ಮವರದೇ ಕೈಗೆಲಸ, ನನಗೂ ಪ್ರೀತಿಯೇ. ಆದರೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಕೆಯಲ್ಲಿ ಸಹಜವಾಗಿರುವ ಕ್ಷಾರಗಳು ಹಾಳೆಯ ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂದು ತಕರಾರು ಎತ್ತಿ, ಆ ತಟ್ಟೆಗಳಿಗೆ ತನ್ನಲ್ಲಿ ಒಪ್ಪಿಗೆ ಇಲ್ಲವೆಂದಿದೆ. ತಲೆಮಾರುಗಳಿಂದ ಹಾಳೆಯಲ್ಲಿ ಉಂಡ ನಮಗೆ ಅದು ವಿಪರೀತ ಎನ್ನಿಸಬಹುದು, ಇದರ ಹಿಂದೆ ವ್ಯಾಪಾರದ ಲೆಕ್ಕಾಚಾರ ಇದೆಯೆಂದು ಹೇಳುವವರೂ ಇದ್ದಾರೆ. ಕಾಸರಗೋಡಿನಲ್ಲೇ ತೋಟಬೆಳೆಗಳ ಕೇಂದ್ರ ಸಂಶೋಧನಾಲಯ ಇರುವಾಗ ಅಲ್ಲಿಯ ವಿಜ್ಞಾನಿಗಳ ಮಾತನ್ನೇ ಕೇಳೋಣ. ಅಲ್ಲಿಯವರೆಗೆ ಅಪರೂಪದ ಸಮಾರಂಭಕ್ಕೆ ಹಾಳೆ, ಅದಕ್ಕಿಂತ ಬಾಳೆ ಎಲೆ ಮೇಲು, ಉಳಿದ ದಿನಕ್ಕೆ ಸ್ಟೀಲು ಎಂಬುದು ನನ್ನ ಅಭಿಪ್ರಾಯ. ಪೇಪರ್ ಲೋಟಕ್ಕೆ ಮಾತ್ರ ಮರುಳಾಗಬೇಡಿ. ಅದರ ಒಳಮೈಗೆ ತೆಳ್ಳಗಿನ ಪ್ಲಾಸ್ಟಿಕ್ ಲೇಪವಿದೆ, ತಮಿಳುನಾಡು ಅದನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ಹೊಸ ಕಂಪ್ಯೂಟರೋ ಟೀವಿಯೋ ಬಂದಾಗ ಪೆಟ್ಟಿಗೆಯೊಳಗೆ ಬರುವ ಥರ್ಮೋಕೋಲನ್ನು ಕಾನೂನು ತಡೆದಿಲ್ಲ. ಅದನ್ನು ಮಾದರಿಗೆ ಬಳಸಿದರೆ ತಪ್ಪೇನು ಎಂದು ವಿಜ್ಞಾನದ ಅಧ್ಯಾಪಕರು ಕೇಳುತ್ತಾರೆ. ಇಡಿಯಾಗಿ ಬಳಸಿದರೆ ಅಷ್ಟು ತಪ್ಪಿಲ್ಲ. ಕೊರೆಯಲು ತೊಡಗಿದರೆ ಕಾಳು ಉದುರುತ್ತದೆ, ಗುಡಿಸಿದಷ್ಟೂ ಹಾರುತ್ತದೆ. ತಂದ ಅಂಗಡಿಯವನಿಗೇ ಹಿಂದಕ್ಕೆ ಕೊಡುವುದು ಒಳ್ಳೆಯದು, ಹಟ ಹಿಡಿದರೆ ಒಯ್ಯುತ್ತಾನೆ.

ಈಗ ಮಲ್ಲಿಗೆಯ ಗಾದೆ. ಅಧ್ಯಾಪಕರಿಲ್ಲ, ಪುಸ್ತಕವಿಲ್ಲ, ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಈ ಹೊತ್ತಿನಲ್ಲಿ ತಟ್ಟೆಯ ಚಿಂತೆಯೇ ಎನ್ನುತ್ತೀರಿ. ನಾನು ತಿರುಗಿ ಕೇಳುತ್ತೇನೆ: ಮಕ್ಕಳ ಸಂಖ್ಯೆ ಏಕೆ ಇಳಿಯುತ್ತಿದೆ? ತರಗತಿಗೆ 10 ಮಕ್ಕಳು ಅಥವಾ ಶಾಲೆಗೆ 40 ಮಕ್ಕಳಿದ್ದರೆ ಮಾತೃಭಾಷೆಯ ಅಧ್ಯಾಪಕರನ್ನು ಕೊಡಬೇಕೆಂಬ ಸೂತ್ರ 1949ರಷ್ಟು ಹಳೆಯದು. ಆ ಹತ್ತು, ಆ ನಲುವತ್ತು ಮಕ್ಕಳನ್ನು ಉಳಿಸಿಕೊಳ್ಳುವವರು ತಾಯಂದಿರು. ಅವರು ಶಾಲೆಯನ್ನು ಅಳೆಯುವುದು ನಮ್ಮ ಭಾಷಣದಿಂದಲ್ಲ. ಕಕ್ಕಸು ಹೇಗಿದೆ, ನೀರು ಹೇಗಿದೆ, ಮಗು ಯಾವುದರಲ್ಲಿ ಉಣ್ಣುತ್ತದೆ, ಹಿತ್ತಲಲ್ಲಿ ಏನು ಹೊಗೆಯಾಡುತ್ತದೆ ಎಂಬುದರಿಂದ. ಪಕ್ಕದ ಇಂಗ್ಲಿಷ್ ಶಾಲೆಗೆ ಸೋಲುವ ನಮ್ಮ ಶಾಲೆ ಭಾಷೆಯಿಂದ ಸೋಲುವುದು ಕಡಮೆ, ಹಿತ್ತಲಿನಿಂದ ಸೋಲುವುದು ಹೆಚ್ಚು. ಅಲ್ಲದೆ, ದಂಡ ಹಾಕಲು ಅಧಿಕಾರಿ ಬಂದಾಗ ಭಾಷಾ ಅಲ್ಪಸಂಖ್ಯಾತರ ಶಾಲೆ ತಪ್ಪಿನಲ್ಲಿ ಸಿಕ್ಕಿಬಿದ್ದರೆ ನಮ್ಮ ಮುಂದಿನ ನಾಲ್ಕು ಮನವಿಗಳಿಗೆ ಬೆಲೆ ಹೋಗುತ್ತದೆ. ಇದು ನಿಮ್ಮಲ್ಲಿ ಅನೇಕರಿಗೆ ಅನುಭವದಿಂದಲೇ ಗೊತ್ತು.

ಮಾಡಬೇಕಾದದ್ದು ಹೆಚ್ಚಿಲ್ಲ. ರಕ್ಷಕ ಶಿಕ್ಷಕ ಸಂಘದ ಅಥವಾ ಶಾಲಾ ಸಮಿತಿಯ ಮುಂದಿನ ಸಭೆಯಲ್ಲಿ ಕನ್ನಡದಲ್ಲಿ ಠರಾವು ಬರೆಯಿರಿ. ಥರ್ಮೋಕೋಲ್ ತಟ್ಟೆ, ಲೋಟ, ಹಾಳೆಗಳನ್ನು ಶಾಲೆಯ ಹಣದಿಂದ ಕೊಳ್ಳುವುದಿಲ್ಲ, ಯಾರಾದರೂ ದಾನ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ ಎಂಬ ಎರಡು ಸಾಲು ಸಾಕು. ದಾನದ ಮಾತನ್ನು ಬಿಡಬೇಡಿ, ಹೆಚ್ಚಿನದು ಬರುವುದು ಆ ದಾರಿಯಿಂದಲೇ. ಅದರ ಒಂದು ಪ್ರತಿಯನ್ನು ಪಂಚಾಯತಿಗೂ ಇನ್ನೊಂದನ್ನು ಕಲೆಕ್ಟರ ಕಚೇರಿಗೂ ಕಳಿಸಿ, ಜತೆಗೆ ನಿಷೇಧದ ಪಟ್ಟಿಯನ್ನು ಕನ್ನಡದಲ್ಲಿ ಕೊಡಬೇಕೆಂಬ ಅರ್ಜಿಯನ್ನು ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕೇರಳದವರು 1969ರ ಕಾಯಿದೆಯನ್ನು, ಉಳಿದವರು 350ನೆಯ ವಿಧಿಯನ್ನು ಅರ್ಜಿಯ ಮೊದಲ ಸಾಲಿನಲ್ಲೇ ಕಾಣಿಸಿ. ಉತ್ತರ ಬಂದರೆ ಯಾವ ಭಾಷೆಯಲ್ಲಿ ಬಂತು, ಎಷ್ಟು ದಿನಕ್ಕೆ ಬಂತು ಎಂಬುದನ್ನು ಈ ಪತ್ರಿಕೆಗೆ ಬರೆಯಿರಿ. ಬಾರದಿದ್ದರೆ ಅದನ್ನೂ ಬರೆಯಿರಿ. ಎಷ್ಟು ತಟ್ಟೆ ಕೊಂಡಿರಿ, ಹಣ ಯಾರು ಕೊಟ್ಟರು, ಅಕ್ಷರಗಳನ್ನು ಬೆಂಡಿನಲ್ಲಿ ಕೊರೆದಿರೋ ಹಾಳೆಯಲ್ಲೋ ಎಂಬುದೂ ಇರಲಿ, ಮುಂದಿನ ನವೆಂಬರಿನ ಒಳಗೆ ಪ್ರಕಟಿಸೋಣ.